ದೈತ್ಯೆ, ಅಟ್ಲಾಂಟಿಸ್, ಏಲಿಯನ್... ಮಾಲ್ಟಾದ ಕಲ್ಲುಗಳನ್ನು ನಿಜಕ್ಕೂ ನಿಲ್ಲಿಸಿದ್ದು ಯಾರು?

ಇವತ್ತು ಒಂದು ಜಾನಪದ ಕಥೆಯಿಂದ ಶುರು ಮಾಡೋಣ. ಮೆಡಿಟರೇನಿಯನ್ ಸಮುದ್ರದ ನಡುವೆ, ಇಟಲಿಯ ಸಿಸಿಲಿಯಿಂದ ಇನ್ನೂ ಸ್ವಲ್ಪ ದಕ್ಷಿಣಕ್ಕೆ, ಮಾಲ್ಟಾ ಅಂತ ಒಂದು ಪುಟ್ಟ ದೇಶ ಇದೆ. ಅದರ ಎರಡನೇ ದೊಡ್ಡ ದ್ವೀಪದ ಹೆಸರು ಗೋಜೊ. ಅಲ್ಲಿನ ಜನ ಮಕ್ಕಳಿಗೆ ಹೇಳ್ತಿದ್ದ ಕಥೆ ಇದು. ಸನ್ಸೂನಾ ಅಂತ ಒಬ್ಬ ದೈತ್ಯ ಹೆಂಗಸು ಇದ್ದಳಂತೆ. ನಮ್ಮ ಅವರೆಕಾಳಿನ ಥರದ ದಪ್ಪ ಕಾಳು ಮತ್ತು ಜೇನುತುಪ್ಪ, ಇವೆರಡೇ ಅವಳ ಊಟ. ಊರಿನ ಒಬ್ಬ ಸಾಮಾನ್ಯ ಗಂಡಸಿನಿಂದ ಅವಳಿಗೊಂದು ಮಗು ಆಯ್ತು. ಆ ಮಗುವನ್ನು ಹೆಗಲಿಗೆ ನೇತುಹಾಕಿಕೊಂಡೇ ಬಂಡೆಗಳನ್ನು ಹೊತ್ತು ತಂದು, ಗುಡ್ಡದ ಮೇಲೆ ಗೋಡೆ ಎಬ್ಬಿಸಿದಳಂತೆ. ಆ ಜಾಗಕ್ಕೆ ಇವತ್ತಿಗೂ ಜಿಗಾಂತಿಯಾ ಅಂತಲೇ ಹೆಸರು. ಮಾಲ್ಟೀಸ್ ಭಾಷೆಯಲ್ಲಿ 'ದೈತ್ಯರದ್ದು' ಅಂತ ಅರ್ಥ.

ಕಥೆ ಕೇಳಿ ನಕ್ಕುಬಿಡಬಹುದು. ಆದ್ರೆ ಆ ಗೋಡೆಯ ಬುಡದಲ್ಲಿ ನಿಂತಾಗ ನನಗೆ ನಗು ಬರ್ಲಿಲ್ಲ. ಹೊರಗೋಡೆ ಕೆಲವು ಕಡೆ ಇನ್ನೂ ಆರು ಮೀಟರ್ ಎತ್ತರಕ್ಕೆ ನಿಂತಿದೆ, ಅಂದ್ರೆ ಎರಡಂತಸ್ತಿನ ಮನೆಯಷ್ಟು. ಕೆಲವು ಬಂಡೆಗಳ ಉದ್ದ ಐದು ಮೀಟರ್‌ಗಿಂತ ಹೆಚ್ಚು, ತೂಕ 50 ಟನ್ ದಾಟುತ್ತೆ. ಲೋಡ್ ತುಂಬಿದ ಹತ್ತು ಚಕ್ರದ ಲಾರಿ ಎರಡನ್ನು ಒಟ್ಟಿಗೆ ತೂಗಿದ ಹಾಗೆ. ಗಾರೆ ಇಲ್ಲ, ಸಿಮೆಂಟ್ ಇಲ್ಲ. ಒಂದು ಕಲ್ಲನ್ನು ಅಡ್ಡ, ಇನ್ನೊಂದನ್ನು ಉದ್ದ, ಹೀಗೆ ಇಟ್ಟುಕೊಂಡು ಹೋಗಿದ್ದಾರೆ ಅಷ್ಟೇ.

ಈಗ ಕಾಲದ ಲೆಕ್ಕ ಕೇಳಿ. ಜಿಗಾಂತಿಯಾದ ಕೆಲಸ ಶುರುವಾಗಿದ್ದು ಸುಮಾರು ಕ್ರಿ.ಪೂ. 3600ರಲ್ಲಿ. ಗೀಜಾದ ದೊಡ್ಡ ಪಿರಮಿಡ್ ಬಂದಿದ್ದು ಅದಾಗಿ ಸಾವಿರ ವರ್ಷದ ಮೇಲೆ. ಹರಪ್ಪದ ಇಟ್ಟಿಗೆ ನಗರಗಳೂ ಅಷ್ಟೇ, ಸುಮಾರು ಸಾವಿರ ವರ್ಷ ತಡ. ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನಲ್ಲಿ ಫೋಟೊಗಳಲ್ಲಿ ಕಾಣೋ ಆ ದೊಡ್ಡ ಕಲ್ಲುಗಳು ಎದ್ದು ನಿಂತಿದ್ದೂ ಕ್ರಿ.ಪೂ. 2500ರ ಆಸುಪಾಸಿನಲ್ಲಿ. ರೀಲ್ಸ್‌ನಲ್ಲಿ 'ಪ್ರಪಂಚದ ಅತಿ ಹಳೆಯ ಕಟ್ಟಡ' ಅಂತ ಇದನ್ನು ತೋರಿಸ್ತಾರೆ, ಅದು ತಪ್ಪು. ಟರ್ಕಿಯ ಗೊಬೆಕ್ಲಿ ತೆಪೆ ಇದಕ್ಕಿಂತ ಸುಮಾರು ಆರು ಸಾವಿರ ವರ್ಷ ಹಳೆಯದು. ಹೆಚ್ಚಾಗಿ ಹೇಳೋ ಅಗತ್ಯವೇ ಇಲ್ಲ, ನಿಜ ಸಂಗತಿಯೇ ಸಾಕಷ್ಟು ದೊಡ್ಡದಿದೆ.

ಈ ಕಲ್ಲುಗಳನ್ನು ಕಟ್ಟಿದವರು ಯಾರು? ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಓದುಬರಹ ಬಲ್ಲ ದೊಡ್ಡ ದೊಡ್ಡವರೆಲ್ಲ ಈ ಪ್ರಶ್ನೆಗೆ ಉತ್ತರ ಕೊಟ್ಟರು. 'ಈ ದ್ವೀಪದ ರೈತರು' ಅಂತ ಹೆಚ್ಚಿನವರು ಹೇಳ್ಲಿಲ್ಲ. ಇವತ್ತಿನ ಸಂಚಿಕೆ ಇರೋದೇ ಅದರ ಬಗ್ಗೆ.

1647ರಲ್ಲಿ ಜಾನ್ ಫ್ರಾಂಚೆಸ್ಕೊ ಅಬೇಲಾ ಅನ್ನೋ ಮಾಲ್ಟೀಸ್ ಪಂಡಿತ ತನ್ನ ದ್ವೀಪದ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದ. ಇವೆಲ್ಲ ದೈತ್ಯರ ಕೆಲಸ ಅಂತ ಅವನೂ ನಂಬಿದ್ದ. ಅಜ್ಜಿಕಥೆಗೂ ಪಂಡಿತರ ಪುಸ್ತಕಕ್ಕೂ ಆಗ ಅಂಥಾ ವ್ಯತ್ಯಾಸ ಇರ್ಲಿಲ್ಲ. 19ನೇ ಶತಮಾನದಲ್ಲಿ ಗ್ರೋಂಗ್ನೆ ಡಿ ವಾಸೆ ಅನ್ನೋ ವಾಸ್ತುಶಿಲ್ಪಿ ಬಂದ. ಮಾಲ್ಟಾದ ಮೋಸ್ತಾ ಊರಿನ ದೊಡ್ಡ ಗುಮ್ಮಟದ ಚರ್ಚ್ ಇದೆಯಲ್ಲ, ಅದನ್ನು ವಿನ್ಯಾಸ ಮಾಡಿದವನು. ಕೈಯಲ್ಲಿ ಒಳ್ಳೆ ಕಸುಬಿತ್ತು, ಆದ್ರೆ ತಲೆಯಲ್ಲಿ ಒಂದು ಹುಚ್ಚೂ ಇತ್ತು: ಮಾಲ್ಟಾ ಅಂದ್ರೆ ಮುಳುಗಿಹೋದ ಅಟ್ಲಾಂಟಿಸ್ ಖಂಡದ ಉಳಿದ ತುಂಡು ಅನ್ನೋದು ಅವನ ವಾದ. ಇವತ್ತಿನ ಯೂಟ್ಯೂಬ್ ಚಾನೆಲ್‌ಗಳು ಅದೇ ಹಳೇ ಸರಕಿಗೆ ಏಲಿಯನ್ ಸೇರಿಸಿ ಮಾರ್ತಿವೆ.

ಆಮೇಲೆ ಬಂದವರು ಸ್ವಲ್ಪ ಗಂಭೀರ ಜನ. ಲೆಬನಾನ್ ಕಡೆಯಿಂದ ಹಡಗಿನಲ್ಲಿ ಬರ್ತಿದ್ದ ಫೀನಿಷಿಯನ್ ವ್ಯಾಪಾರಿಗಳು ಕಟ್ಟಿರಬೇಕು ಅಂದ್ರು. ಮಾಲ್ಟಾದ ಪುರಾತತ್ವದ ಬಗ್ಗೆ 1882ರಲ್ಲಿ ಬಂದ ಸರ್ಕಾರಿ ವರದಿಯ ಶೀರ್ಷಿಕೆಯಲ್ಲೇ 'ಫೀನಿಷಿಯನ್ ಮತ್ತು ರೋಮನ್' ಅಂತ ಇತ್ತು. ಆ ಕಾಲದ ತರ್ಕ ಅರ್ಥವಾಗುತ್ತೆ. ಇಡೀ ಮಾಲ್ಟಾ ದೇಶದ ವಿಸ್ತೀರ್ಣ 316 ಚದರ ಕಿಲೋಮೀಟರ್, ನಮ್ಮ ಬೆಂಗಳೂರು ಮಹಾನಗರದ ಅರ್ಧವೂ ಇಲ್ಲ. ನದಿ ಇಲ್ಲ, ಲೋಹದ ಅದಿರಿಲ್ಲ. ಇಷ್ಟು ಬಡ ನೆಲದಲ್ಲಿ ಇಷ್ಟು ದೊಡ್ಡ ಕೆಲಸ ಹುಟ್ಟಿದ್ದು ಹೇಗೆ? ಹೊರಗಿನಿಂದ ಯಾರೋ ಬುದ್ಧಿವಂತರು ಬಂದು ಕಟ್ಟಿರಬೇಕು. ಅಲ್ಲಿಗೆ ಪ್ರಶ್ನೆ ಮುಗಿಯಿತು.

ಇದಕ್ಕೆ ಉತ್ತರ ಸಿಕ್ಕಿದ್ದು ಒಬ್ಬ ಡಾಕ್ಟರ್‌ನಿಂದ. ಹೆಸರು ತೆಮಿಸ್ತೊಕ್ಲಿಸ್ ಜಾಮ್ಮಿತ್, ಎಲ್ಲರೂ ತೆಮಿ ಜಾಮ್ಮಿತ್ ಅಂತಾರೆ. ಮಾಲ್ಟಾ ಆಗ ನಮ್ಮ ಹಾಗೇ ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿದ್ದ ಸೈನಿಕರಿಗೆ ವಿಚಿತ್ರ ಜ್ವರ ಬರ್ತಿತ್ತು, ವಾರಗಟ್ಟಲೆ ಏರಿ ಇಳಿಯೋದು. ಮಾಲ್ಟಾ ಜ್ವರ ಅಂತಲೇ ಅದಕ್ಕೆ ಹೆಸರಾಯ್ತು. 1905ರಲ್ಲಿ ಜಾಮ್ಮಿತ್ ಮೇಕೆಗಳ ರಕ್ತ ಪರೀಕ್ಷೆ ಮಾಡಿ, ರೋಗ ಬರ್ತಿರೋದು ಕಾಯಿಸದ ಮೇಕೆ ಹಾಲಿನಿಂದ ಅನ್ನೋದಕ್ಕೆ ದಾರಿ ತೋರಿಸಿದರು. ಇವತ್ತು ನಾವು ಬ್ರೂಸೆಲ್ಲೋಸಿಸ್ ಅನ್ನೋದು ಅದೇ ರೋಗಕ್ಕೆ. ನಮ್ಮಲ್ಲಿ ದನ, ಕುರಿ ಸಾಕುವವರಿಗೆ, ಪಶುವೈದ್ಯರಿಗೆ ಈ ಹೆಸರು ಚೆನ್ನಾಗಿ ಗೊತ್ತು.

ಇದೇ ಮನುಷ್ಯ ಮಾಲ್ಟಾದ ಮ್ಯೂಸಿಯಂನ ಮುಖ್ಯಸ್ಥರೂ ಆಗಿದ್ದರು. 1914ರಲ್ಲಿ ತಾರ್ಶೀನ್ ಅನ್ನೋ ಊರಿನ ರೈತರು, 'ನೇಗಿಲಿಗೆ ಪದೇ ಪದೇ ದೊಡ್ಡ ಕಲ್ಲು ತಾಗ್ತಿದೆ' ಅಂತ ಅವರಿಗೆ ಸುದ್ದಿ ಮುಟ್ಟಿಸಿದರು. ಮುಂದಿನ ವರ್ಷ ಅಗೆತ ಶುರುವಾಗಿ 1919ರ ತನಕ ನಡೀತು. ಹೊರಗಡೆ ಮೊದಲ ಮಹಾಯುದ್ಧ, ಇಲ್ಲಿ ಒಬ್ಬ ಡಾಕ್ಟರ್ ಹೊಲದಲ್ಲಿ ಪದರ ಪದರವಾಗಿ ಮಣ್ಣು ತೆಗೀತಾ ಟಿಪ್ಪಣಿ ಬರೀತಾ ಇದ್ದ.

ಆ 'ಪದರ ಪದರವಾಗಿ' ಅನ್ನೋದೇ ಇಲ್ಲಿ ಮುಖ್ಯ. ಜಿಗಾಂತಿಯಾವನ್ನು 1827ರಲ್ಲೇ ಒಬ್ಬ ಸೇನಾಧಿಕಾರಿ ಅಗೆಸಿದ್ದ. ಮಣ್ಣು ಹೊರಗೆ ಹಾಕಿಸಿದ, ಕಲ್ಲು ಕಾಣಿಸ್ತು, ಮುಗೀತು. ಯಾವ ವಸ್ತು ಯಾವ ಆಳದಲ್ಲಿತ್ತು ಅನ್ನೋ ಸರಿಯಾದ ದಾಖಲೆ ಇಲ್ಲ. ಜಾಮ್ಮಿತ್ ಹಾಗೆ ಮಾಡ್ಲಿಲ್ಲ. ತಾರ್ಶೀನ್‌ನಲ್ಲಿ ಮೇಲಿನ ಪದರದಲ್ಲಿ ಅವರಿಗೆ ಸಿಕ್ಕಿದ್ದು ಒಂದು ಸ್ಮಶಾನ: ಸುಟ್ಟ ಮೂಳೆ, ಬೂದಿ ತುಂಬಿದ ಮಡಕೆ, ಜೊತೆಗೆ ಲೋಹದ ಕತ್ತಿ, ಕೊಡಲಿ. ಅದರ ಕೆಳಗೆ ಏನೂ ಇಲ್ಲದ ಬರಡು ಮಣ್ಣಿನ ಒಂದು ಪದರ. ಅದಕ್ಕೂ ಕೆಳಗೆ ಕಲ್ಲಿನ ಕಟ್ಟಡದ ನೆಲ. ಆ ನೆಲದ ಮೇಲೆ ಮಡಕೆ ಚೂರು, ಚಕಮಕಿ ಕಲ್ಲಿನ ಚಾಕು, ಪ್ರಾಣಿಗಳ ಮೂಳೆ. ಲೋಹದ ಚೂರು ಮಾತ್ರ ಒಂದೂ ಇಲ್ಲ.

ಅಂದ್ರೆ ಇದನ್ನು ಕಟ್ಟಿದವರಿಗೆ ತಾಮ್ರ ಕಂಚು ಏನೂ ಗೊತ್ತಿರಲಿಲ್ಲ. ಅವರು ಹೋಗಿ ಎಷ್ಟೋ ಕಾಲದ ಮೇಲೆ ಲೋಹದ ಜನ ಬಂದು, ಮಣ್ಣು ತುಂಬಿದ್ದ ಜಾಗದಲ್ಲಿ ತಮ್ಮವರನ್ನು ಸುಟ್ಟ ಬೂದಿ ಹೂತರು. ಫೀನಿಷಿಯನ್ನರು ಬಂದಿದ್ದು ಅದಕ್ಕಿಂತಲೂ ಎಷ್ಟೋ ಶತಮಾನ ತಡ. ಅಲ್ಲಿಗೆ ಅವರ ಕಥೆ ಮುಗೀತು.

ಆದ್ರೂ ಹೊರಗಿನವರ ಕಥೆ ಪೂರ್ತಿ ಸಾಯ್ಲಿಲ್ಲ. ತಾರ್ಶೀನ್‌ನ ಕಲ್ಲುಗಳ ಮೇಲೆ ಸುರುಳಿ ಸುರುಳಿ ಕೆತ್ತನೆ ಇದೆ, ಬಳ್ಳಿ ಸುತ್ತಿಕೊಂಡ ಹಾಗೆ. ಗ್ರೀಸ್‌ನ ಮೈಸೀನಿಯ ರಾಜರ ಸಮಾಧಿಗಳಲ್ಲೂ ಸುರುಳಿ ಚಿತ್ರ ಇದೆ, ಅವು ಕ್ರಿ.ಪೂ. 1600ರ ಆಸುಪಾಸಿನವು. ಎರಡೂ ಕಡೆ ಸುರುಳಿ ಇದೆ ಅಂದ್ರೆ ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತಿರಬೇಕು, ಅಲ್ವಾ? ಕಲಿತವರು ಯಾರು? ಚಿಕ್ಕ ದ್ವೀಪದವರೇ ಅಂತ ತೀರ್ಮಾನ ಆಯ್ತು. 20ನೇ ಶತಮಾನದ ಮಧ್ಯದವರೆಗೂ ಯೂರೋಪಿನ ಪುರಾತತ್ವದಲ್ಲಿ ಇದೇ ನಂಬಿಕೆ ಗಟ್ಟಿಯಾಗಿತ್ತು: ನಾಗರಿಕತೆ ಪೂರ್ವದಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಿದು ಬಂತು, ಚಿಕ್ಕ ಜಾಗದವರು ದೊಡ್ಡ ಜಾಗದವರನ್ನು ನಕಲು ಮಾಡಿದರು.

ಇದನ್ನು ತಲೆಕೆಳಗು ಮಾಡಿದ್ದು ಕಾರ್ಬನ್-14. ಸಣ್ಣದಾಗಿ ಹೇಳ್ತೀನಿ. ಜೀವ ಇರುವ ಗಿಡ, ಪ್ರಾಣಿ ಎಲ್ಲ ಗಾಳಿಯಿಂದಲೋ ಆಹಾರದಿಂದಲೋ ಈ ಇಂಗಾಲವನ್ನು ಒಳಗೆ ತಗೊಳ್ತಾ ಇರುತ್ತವೆ. ಸತ್ತ ಮೇಲೆ ಹೊಸದು ಬರಲ್ಲ, ಒಳಗಿದ್ದದ್ದು ನಿಧಾನಕ್ಕೆ ಕರಗುತ್ತಾ ಹೋಗುತ್ತೆ. ಎಷ್ಟು ಉಳಿದಿದೆ ಅಂತ ಅಳೆದರೆ ಸತ್ತು ಎಷ್ಟು ಕಾಲವಾಯ್ತು ಗೊತ್ತಾಗುತ್ತೆ. ಆದ್ರೆ ಈ ಲೆಕ್ಕದಲ್ಲಿ ಒಂದು ಸಣ್ಣ ಎಡವಟ್ಟಿತ್ತು. ಗಾಳಿಯಲ್ಲಿರೋ ಕಾರ್ಬನ್-14 ಪ್ರಮಾಣ ಎಲ್ಲಾ ಕಾಲದಲ್ಲೂ ಒಂದೇ ಆಗಿತ್ತು ಅಂತ ಮೊದಲು ಅಂದುಕೊಂಡಿದ್ರು. ಕ್ಯಾಲಿಫೋರ್ನಿಯಾದಲ್ಲಿ ಸಾವಿರಾರು ವರ್ಷ ಬದುಕುವ ಒಂದು ಜಾತಿಯ ಪೈನ್ ಮರ ಇದೆ. 1960ರ ದಶಕದಲ್ಲಿ ಅದರ ವರ್ಷದ ಉಂಗುರಗಳನ್ನು ಒಂದೊಂದಾಗಿ ಎಣಿಸಿ ತಾಳೆ ನೋಡಿದಾಗ, ಹಳೇ ತಾರೀಖುಗಳನ್ನೆಲ್ಲ ಇನ್ನೂ ನೂರಾರು ವರ್ಷ ಹಿಂದಕ್ಕೆ ತಳ್ಳಬೇಕಾಯ್ತು.

ಬ್ರಿಟಿಷ್ ಪುರಾತತ್ವಜ್ಞ ಕಾಲಿನ್ ರೆನ್‌ಫ್ರೂ ಈ ಹೊಸ ಲೆಕ್ಕ ಇಟ್ಟುಕೊಂಡು 1973ರಲ್ಲಿ ಒಂದು ಪುಸ್ತಕ ಬರೆದರು. ಮಾಲ್ಟಾ ಅದರಲ್ಲಿ ದೊಡ್ಡ ಸಾಕ್ಷಿ. ತಾರ್ಶೀನ್‌ನ ಸುರುಳಿಗಳು ಮೈಸೀನಿಗಿಂತ ಸಾವಿರ ವರ್ಷದಷ್ಟು ಹಳೆಯವು. ಇನ್ನೂ ಹುಟ್ಟದೇ ಇರುವವರನ್ನು ನೋಡಿ ನಕಲು ಮಾಡೋಕಾಗುತ್ತಾ? ಸನ್ಸೂನಾ, ಅಟ್ಲಾಂಟಿಸ್, ಫೀನಿಷಿಯಾ, ಮೈಸೀನಿ, ಎಲ್ಲರೂ ಪಟ್ಟಿಯಿಂದ ಹೊರಗೆ ಹೋದರು. ಉಳಿದದ್ದು ಬಾರ್ಲಿ, ಗೋಧಿ ಬೆಳೀತಾ, ಕುರಿ, ಮೇಕೆ, ಹಂದಿ, ದನ ಸಾಕ್ತಾ ಇದ್ದ ಆ ದ್ವೀಪದ ಜನ ಮಾತ್ರ.

ಸರಿ, ಆ ಜನ ಹೇಗೆ ಕಟ್ಟಿದರು? ಇದಕ್ಕೆ ಉತ್ತರ ಪುಸ್ತಕಕ್ಕಿಂತ ಚೆನ್ನಾಗಿ ಆ ಜಾಗಗಳಲ್ಲೇ ಸಿಗುತ್ತೆ. ಮಾಲ್ಟಾದಲ್ಲಿ ಎರಡು ಬಗೆಯ ಸುಣ್ಣಕಲ್ಲು. ಒಂದು ಬೂದು ಬಣ್ಣದ ಗಟ್ಟಿ ಕಲ್ಲು, ಉಳಿ ಒಗ್ಗಲ್ಲ. ಇನ್ನೊಂದು ಜೇನಿನ ಬಣ್ಣದ ಮೆದು ಕಲ್ಲು. ಜಿಗಾಂತಿಯಾದಲ್ಲಿ ಹೊರಗೋಡೆಗೆ ಗಟ್ಟಿ ಕಲ್ಲು, ಬಾಗಿಲು ಹೊಸ್ತಿಲು ಪೀಠಗಳಿಗೆಲ್ಲ ಮೆದು ಕಲ್ಲು. ಕಲ್ಲಿನ ಗುಣ ಗೊತ್ತಿರುವವರು ಮಾಡುವ ಆಯ್ಕೆ ಇದು. ತಾರ್ಶೀನ್‌ನಲ್ಲಿ ಚಪ್ಪಡಿಗಳ ಅಕ್ಕಪಕ್ಕ ಕಲ್ಲಿನ ದುಂಡು ಗುಂಡುಗಳು ಸಿಕ್ಕಿವೆ. ಭಾರದ ಬಂಡೆಯನ್ನು ಇವುಗಳ ಮೇಲೆ ಉರುಳಿಸಿಕೊಂಡು ತಂದಿರಬೇಕು, ನಮ್ಮ ಬೇರಿಂಗ್ ಕೆಲಸ ಮಾಡುವ ಹಾಗೆ. ಚಕಮಕಿ ಕಲ್ಲು ಸಿಸಿಲಿಯಿಂದ, ಜ್ವಾಲಾಮುಖಿಯ ಕಪ್ಪು ಗಾಜುಕಲ್ಲು ಲಿಪಾರಿ, ಪಾಂತೆಲ್ಲೆರಿಯಾ ದ್ವೀಪಗಳಿಂದ ದೋಣಿಯಲ್ಲಿ ಬರ್ತಿತ್ತು.

ಬಾಗಿಲುಗಳು ನನಗೆ ತುಂಬಾ ಇಷ್ಟವಾದವು. ಎರಡು ನಿಲುವುಗಲ್ಲು, ಮೇಲೊಂದು ಅಡ್ಡಗಲ್ಲು, ಇದು ಸಾಮಾನ್ಯ ಬಾಗಿಲವಾಡ. ಆದ್ರೆ ಕೆಲವು ಕಡೆ ಒಂದೇ ದೊಡ್ಡ ಚಪ್ಪಡಿಯ ನಡುವೆ ಚೌಕಾಕಾರದ ಕಿಂಡಿ ಕೊರೆದು ಅದನ್ನೇ ಬಾಗಿಲು ಮಾಡಿದ್ದಾರೆ. ಬಗ್ಗಿಯೇ ಒಳಗೆ ಹೋಗಬೇಕು. ಪಕ್ಕದ ಕಲ್ಲಿನಲ್ಲಿ ಅಗುಳಿ ಸೇರಿಸುವ ತೂತು, ಹಗ್ಗ ಕಟ್ಟುವ ತೂತು. ಅಂದ್ರೆ ಒಳಗೆ ಎಲ್ಲರಿಗೂ ಪ್ರವೇಶ ಇರ್ಲಿಲ್ಲ. ಹೊರಗೆ ದೊಡ್ಡ ಅಂಗಳ, ಅಲ್ಲಿ ಊರೆಲ್ಲ ಸೇರಬಹುದು. ಒಳಗಿನ ಅರ್ಧವೃತ್ತದ ಕೋಣೆಗಳಲ್ಲಿ ಹೆಚ್ಚೆಂದರೆ ಹತ್ತಿಪ್ಪತ್ತು ಜನ. ಸಮಾನರ ಸ್ವರ್ಗ ಅಂತ ಕೆಲವರು ಈ ಸಮಾಜದ ಬಗ್ಗೆ ಬರೀತಾರೆ. ಆ ಅಗುಳಿ ತೂತು ನೋಡಿದ ಮೇಲೆ ನನಗೆ ಅದನ್ನು ನಂಬೋದು ಕಷ್ಟ.

ಅಲ್ಲಿನ 'ಮಾತೃದೇವತೆ' ಕಥೆ ಬಗ್ಗೆಯೂ ನನಗೆ ಇದೇ ಅನುಮಾನ. ದಪ್ಪ ತೊಡೆ, ಸಣ್ಣ ಕೈಕಾಲಿನ ಮೂರ್ತಿಗಳು ಬಹಳಷ್ಟು ಸಿಕ್ಕಿವೆ. ತಾರ್ಶೀನ್‌ನಲ್ಲಿ ಒಂದು ಮೂರ್ತಿಯ ಕೆಳಗಿನರ್ಧ ಮಾತ್ರ ಉಳಿದಿದೆ, ನೆರಿಗೆ ಲಂಗ ಮತ್ತು ಭಾರೀ ಕಾಲುಗಳು. ಪೂರ್ತಿ ಇದ್ದಿದ್ರೆ ಆಳಿಗಿಂತ ಎತ್ತರ. ಆದ್ರೆ ಈ ಮೂರ್ತಿಗಳಲ್ಲಿ ಎಷ್ಟೋ ಗಂಡೋ ಹೆಣ್ಣೋ ಹೇಳೋಕೆ ಬರಲ್ಲ, ಅಂಥಾ ಗುರುತೇ ಕೆತ್ತಿಲ್ಲ. ಕೆಲವಕ್ಕೆ ತಲೆ ಬೇರೆ ಮಾಡಿ ಸಿಕ್ಕಿಸುವ ಹಾಗೆ ತೂತು ಇದೆ. ಆ ಜನ ಅಕ್ಷರ ಬಿಟ್ಟುಹೋಗಿಲ್ಲ. 'ದೇವಸ್ಥಾನ' ಅನ್ನೋ ಹೆಸರೂ ನಾವು ಕೊಟ್ಟಿದ್ದೇ. ಊರಿನವರು ಸೇರಿ ಧಾನ್ಯ ಹಂಚಿಕೊಂಡು ಊಟ ಮಾಡುತ್ತಿದ್ದ ಜಾಗಗಳೂ ಇವಾಗಿರಬಹುದು ಅಂತ ಕೆಲವು ಸಂಶೋಧಕರು ಈಗ ಹೇಳ್ತಾರೆ. ತಿನ್ನೋದಕ್ಕೆ ಕೊರತೆ ಇದ್ದ ದ್ವೀಪದಲ್ಲಿ ಅದೂ ಪೂಜೆಯಷ್ಟೇ ಗಂಭೀರ ಕೆಲಸ.

ಮುಖ್ಯ ದ್ವೀಪದ ದಕ್ಷಿಣ ಕರಾವಳಿಯಲ್ಲಿ ಹಜರ್ ಈಮ್, ಅಲ್ಲಿಂದ ಇಳಿಜಾರಿನಲ್ಲಿ ಅರ್ಧ ಕಿಲೋಮೀಟರ್ ನಡೆದರೆ ಮ್ನೈದ್ರಾ. ಹಜರ್ ಅಂದ್ರೆ ಕಲ್ಲು. ಮಾಲ್ಟೀಸ್ ಅರಬಿಯ ತಂಗಿ, ಹಾಗಾಗಿ ಉರ್ದು ಗೊತ್ತಿರುವವರಿಗೆ ಈ ಪದ ಕಿವಿಗೆ ಹೊಸದೇನಲ್ಲ. ಮ್ನೈದ್ರಾದ ದಕ್ಷಿಣದ ಕಟ್ಟಡ ಪೂರ್ವಕ್ಕೆ ಮುಖ ಮಾಡಿದೆ. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹಗಲು ರಾತ್ರಿ ಸಮ ಇರುವ ದಿನ ಬೆಳಗಿನ ಸೂರ್ಯನ ಕಿರಣ ಮುಖ್ಯ ಬಾಗಿಲಿನಿಂದ ನೇರವಾಗಿ ಅತಿ ಒಳಗಿನ ಪೀಠದವರೆಗೂ ಹೋಗುತ್ತೆ. ಜೂನ್ ಮತ್ತು ಡಿಸೆಂಬರ್‌ನ ಅಯನದ ದಿನಗಳಲ್ಲಿ ಒಳಬಾಗಿಲಿನ ಎಡಬಲದ ಕಲ್ಲುಗಳ ಅಂಚಿಗೆ ಬೀಳುತ್ತೆ. ಬಿತ್ತನೆ ಯಾವಾಗ ಅಂತ ತಿಳಿಯಬೇಕಾದ ರೈತನಿಗೆ ಇದು ಕ್ಯಾಲೆಂಡರ್.

ಈ ಎರಡೂ ಕಡೆ ಮೊದಲು ಕಣ್ಣಿಗೆ ಬೀಳೋದು ಕಲ್ಲಲ್ಲ, ಬಿಳಿ ಬಣ್ಣದ ದೊಡ್ಡ ಡೇರೆ. ಫೋಟೊ ತೆಗೆಯಲು ಬಂದವರೆಲ್ಲ ಗೊಣಗ್ತಾರೆ. ಆದ್ರೆ ಹಜರ್ ಈಮ್ ಪೂರ್ತಿ ಆ ಮೆದು ಕಲ್ಲಿನದ್ದು. ಮಣ್ಣೊಳಗೆ ಹೂತುಹೋಗಿದ್ದಷ್ಟು ಕಾಲ ಎಷ್ಟೋ ಭಾಗ ಕ್ಷೇಮವಾಗಿತ್ತು. 1839ರಲ್ಲಿ ಅಗೆದು ಹೊರಗೆ ತೆಗೆದ ಮೇಲೆ ಉಪ್ಪುಗಾಳಿ, ಮಳೆ, ಬಿಸಿಲು ಸೇರಿ ಕಲ್ಲನ್ನು ಪುಡಿ ಪುಡಿ ಮಾಡ್ತಾ ಬಂತು. 1994ರಲ್ಲಿ ಮಳೆಗೆ ಮ್ನೈದ್ರಾದ ಒಂದು ಭಾಗ ಕುಸಿಯಿತು. 2009ರಲ್ಲಿ ಡೇರೆ ಹಾಕಿದರು, ತಾರ್ಶೀನ್‌ಗೂ ಆಮೇಲೆ ಹಾಕಿದರು. ನನ್ನ ಕೇಳಿದರೆ ಡೇರೆಯೇ ಸರಿ. ಹಾಳಾದ ಫೋಟೊ ಮತ್ತೆ ತೆಗೀಬಹುದು.

ಮಳೆಗಿಂತ ಕೆಟ್ಟದ್ದೂ ಒಂದು ಆಯ್ತು. 2001ರ ಏಪ್ರಿಲ್ 13ರ ರಾತ್ರಿ ಯಾರೋ ಹಾರೆ ಹಿಡಿದು ಮ್ನೈದ್ರಾಕ್ಕೆ ನುಗ್ಗಿದರು. ಸುಮಾರು 60 ಕಲ್ಲುಗಳನ್ನು ಉರುಳಿಸಿದರು, ಒಡೆದರು. ಐದು ಸಾವಿರ ವರ್ಷ ನಿಂತಿದ್ದಕ್ಕೆ ಒಂದು ರಾತ್ರಿ ಸಾಕಾಯ್ತು. ಸಾವಿರಾರು ಫೋಟೊಗಳನ್ನು ಹುಡುಕಿ ತಾಳೆ ಹಾಕಿ ಕಲ್ಲುಗಳನ್ನು ಮತ್ತೆ ಜಾಗಕ್ಕೆ ತಂದರು.

ಹಾರೆ ಇಲ್ಲದೆ ಹಾಳಾಗಿದ್ದಕ್ಕೂ ಒಂದು ಉದಾಹರಣೆ ಇದೆ, ನನಗೆ ಹೆಚ್ಚು ಸಂಕಟವಾಗೋದು ಅದನ್ನು ನೆನೆದಾಗ. ತಾರ್ಶೀನ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ ಹಾಲ್ ಸಫ್ಲಿಯೇನಿ ಹೈಪೋಜಿಯಂ ಇದೆ. ಮೇಲೆ ಸಾಧಾರಣ ಬೀದಿ, ಸಾಲುಮನೆ. ಕೆಳಗೆ ಬಂಡೆಯನ್ನು ಮೂರು ಅಂತಸ್ತು ಕೊರೆದು ಮಾಡಿದ ಸಮಾಧಿಗುಹೆ. 1902ರಲ್ಲಿ ಹೊಸ ಮನೆಗಳಿಗೆ ನೀರಿನ ತೊಟ್ಟಿ ಅಗೆಯುವಾಗ ಕೆಲಸದವರು ಇದರ ಮೇಲ್ಛಾವಣಿಯನ್ನೇ ಒಡೆದರು. ಕೆಲಸ ನಿಂತುಹೋದೀತು ಅಂತ ಸುದ್ದಿ ಮುಚ್ಚಿಟ್ಟರು. ಗೊತ್ತಾದ ಮೇಲೆ ಮಾನುವೆಲ್ ಮಾಗ್ರಿ ಅನ್ನೋ ಪಾದ್ರಿ ಅಗೆತ ಶುರು ಮಾಡಿದರು. ಅವರು 1907ರಲ್ಲಿ ಟುನೀಷಿಯಾದ ಸ್ಫಾಕ್ಸ್‌ಗೆ ಹೋಗಿದ್ದಾಗ ತೀರಿಕೊಂಡರು, ಅವರ ಟಿಪ್ಪಣಿಗಳು ಕಳೆದೇಹೋದವು. ಕೆಲಸ ಮುಂದುವರಿಸಿದ್ದು ಮತ್ತೆ ನಮ್ಮ ಡಾಕ್ಟರ್ ಜಾಮ್ಮಿತ್. ಉಳಿದಿದ್ದ ಮಣ್ಣಿನ ಲೆಕ್ಕದ ಮೇಲೆ, ಅಲ್ಲಿ ಸುಮಾರು 7,000 ಜನರನ್ನು ಹೂತಿರಬೇಕು ಅಂತ ಅವರು ಅಂದಾಜು ಮಾಡಿದರು. ಏಳು ಸಾವಿರ ಜನರಲ್ಲಿ ಇವತ್ತು ಉಳಿದಿರೋದು ಬೆರಳೆಣಿಕೆಯ ತಲೆಬುರುಡೆಗಳು.

ಆ ಗುಹೆಯೊಳಗೆ ಒಂದು ಸಂಗತಿ ಗಮನಿಸಬೇಕು. ಚಾವಣಿಯನ್ನು ಸುಮ್ಮನೆ ಕೊರೆದಿಲ್ಲ. ಮೇಲಿನ ಕಟ್ಟಡಗಳಲ್ಲಿ ಇರುವಂತೆಯೇ ನಿಲುವುಗಲ್ಲು, ಅಡ್ಡಗಲ್ಲು, ಒಂದರ ಮೇಲೊಂದು ಒಳಕ್ಕೆ ಚಾಚುವ ಸಾಲುಗಳು, ಎಲ್ಲವನ್ನೂ ಒಂದೇ ಬಂಡೆಯಲ್ಲಿ ಕೆತ್ತಿ ತೋರಿಸಿದ್ದಾರೆ. ಕೆಲವು ಕಡೆ ಕೆಮ್ಮಣ್ಣಿನ ಸುರುಳಿಗಳು. ಮೇಲಿನ ಕಟ್ಟಡಗಳಲ್ಲಿ ಈಗ ಚಾವಣಿ ಇಲ್ಲ. ಅದು ಹೇಗಿದ್ದಿರಬಹುದು ಅಂತ ಊಹಿಸಲು ಸತ್ತವರ ಈ ಮನೆಯೇ ಒಳ್ಳೆ ಆಧಾರ.

ಹಾಗಾದ್ರೆ ಈ ಜನ ಏನಾದ್ರು? ಗೋಜೊದಲ್ಲಿ ಜಿಗಾಂತಿಯಾದ ಹತ್ತಿರವೇ ಶಾರಾ ಅನ್ನೋ ಕಡೆ ಇನ್ನೊಂದು ಸಮಾಧಿಗುಹೆ ಇದೆ. 1987ರಿಂದ 1994ರವರೆಗೆ ಅದನ್ನು ಸರಿಯಾಗಿ ಅಗೆದರು, ಎರಡು ಲಕ್ಷಕ್ಕೂ ಹೆಚ್ಚು ಮೂಳೆ ಚೂರುಗಳು ಸಿಕ್ಕವು. ಹೈಪೋಜಿಯಂನಲ್ಲಿ ಕಳೆದುಕೊಂಡದ್ದು ಏನು ಅಂತ ಅರ್ಥವಾಗೋದೇ ಇಲ್ಲಿ. ಕ್ಯಾರೊಲಿನ್ ಮೆಲೋನ್ ಮುಂದಾಳತ್ವದ ತಂಡ 2013ರಿಂದ ಈ ಮೂಳೆಗಳನ್ನು, ಜೊತೆಗೆ ದ್ವೀಪದ ಮಣ್ಣನ್ನು, ಮಣ್ಣಿನಲ್ಲಿ ಉಳಿದ ಪರಾಗವನ್ನು ಪರೀಕ್ಷಿಸಿತು. ಮರ ಕಡಿದು ಬೇಸಾಯ ಮಾಡಿದ ಮೇಲೆ ಇಳಿಜಾರಿನ ತೆಳು ಮಣ್ಣು ಕೊಚ್ಚಿಹೋಗ್ತಾ ಇತ್ತು. ಅವರು ಸುಮ್ಮನೆ ಕೂರ್ಲಿಲ್ಲ, ಗೊಬ್ಬರ ಸೇರಿಸಿ ಹೊಲ ಉಳಿಸಿಕೊಂಡರು. ಹಾಗೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಡೆಸಿದರು. ಕೊನೆಕೊನೆಗೆ ಹೂತವರ ಮೂಳೆ, ಹಲ್ಲುಗಳಲ್ಲಿ ಕಷ್ಟದ ಗುರುತು ಕಾಣುತ್ತೆ. 2022ರಲ್ಲಿ ಬಂದ ಡಿಎನ್‌ಎ ಅಧ್ಯಯನದ ಪ್ರಕಾರ ಅವರ ಜನಸಂಖ್ಯೆ ತೀರಾ ಚಿಕ್ಕದು, ಹೊರಗಿನವರ ಜೊತೆ ಸಂಬಂಧ ಬೆಳೆಸಿದ್ದೂ ಕಡಿಮೆ. ಕ್ರಿ.ಪೂ. 2400ರ ನಂತರ ಈ ಕಟ್ಟಡಗಳು ಖಾಲಿಯಾದವು.

ಯಾಕೆ ಅನ್ನೋದಕ್ಕೆ ಒಂದೇ ಕಾರಣ ಹೇಳುವವರನ್ನು ನಂಬಬೇಡಿ. ಬರ, ಮಣ್ಣು, ರೋಗ, ಜಗಳ, ಎಲ್ಲವೂ ಪಟ್ಟಿಯಲ್ಲಿವೆ.

ಹೋಗುವ ಯೋಚನೆ ಇದ್ರೆ ಒಂದೆರಡು ಮಾತು. ಮಾಲ್ಟಾದಲ್ಲಿ ಊಟ ಡೆಲಿವರಿ ಮಾಡುವ, ಆಸ್ಪತ್ರೆಗಳಲ್ಲಿ ದುಡಿಯುವ ಭಾರತೀಯರು ಈಗ ಬಹಳ ಇದ್ದಾರೆ. ಅಲ್ಲಿ ನಿಮ್ಮ ಗೆಳೆಯರೋ ನೆಂಟರೋ ಇದ್ರೆ ಈ ಸಂಚಿಕೆ ಕಳಿಸಿ, ರಜೆ ದಿನ ಬಸ್ ಹತ್ತಿ ಹೋಗಿಬರಲಿ. ಹೈಪೋಜಿಯಂ ಒಳಗೆ ಒಂದು ಸಲಕ್ಕೆ ಹತ್ತು ಜನರನ್ನು ಮಾತ್ರ ಬಿಡ್ತಾರೆ, ನಮ್ಮ ಉಸಿರಿನ ತೇವಕ್ಕೆ ಆ ಕೆಮ್ಮಣ್ಣಿನ ಚಿತ್ರ ಅಳಿಸಿಹೋಗುತ್ತೆ ಅಂತ. ಟಿಕೆಟ್ ವಾರಗಟ್ಟಲೆ ಮೊದಲೇ ತಗೋಬೇಕು. ಸಿಗಲಿಲ್ಲ ಅಂದ್ರೆ ರಾಜಧಾನಿ ವ್ಯಾಲೆಟ್ಟಾದ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂಗೆ ಹೋಗಿ. ತಾರ್ಶೀನ್‌ನ ಅಸಲಿ ಕೆತ್ತನೆಗಳು ಇರೋದು ಅಲ್ಲೇ, ಜಾಗದಲ್ಲಿ ನೋಡೋದು ಪ್ರತಿಗಳನ್ನು. ಅದೇ ಮ್ಯೂಸಿಯಂನ ಒಂದು ಕತ್ತಲೆ ಕೋಣೆಯಲ್ಲಿ ಹೈಪೋಜಿಯಂನಲ್ಲಿ ಸಿಕ್ಕ ಒಂದು ಮಣ್ಣಿನ ಗೊಂಬೆ ಇಟ್ಟಿದ್ದಾರೆ. ಉದ್ದ 12 ಸೆಂಟಿಮೀಟರ್, ಅಂಗೈಯಲ್ಲಿ ಹಿಡಿಸುತ್ತೆ. ದಪ್ಪನೆಯ ಒಬ್ಬ ಹೆಂಗಸು ಬಲಗಡೆಗೆ ವಾಲಿಕೊಂಡು, ಕೈಯನ್ನು ತಲೆಯಡಿ ಇಟ್ಟು ಮಲಗಿದ್ದಾಳೆ. ಅವಳ ಮಂಚದ ಕೆಳಭಾಗವನ್ನೂ ನೋಡಿ. ಮಂಚಕ್ಕೆ ಹಾಸಿದ ಹುಲ್ಲನ್ನೋ ಜೊಂಡನ್ನೋ ಒಂದೊಂದು ಗೆರೆ ಗೀರಿ ತೋರಿಸಿದ್ದಾರೆ.